ತಾಳಮಲೆ ಚಳಿಗೆ ಕರಿಕಂಬಳಿಯೇ ಕಾವಲು

ತಾಳವಾಡಿ: ದಿಂಬಂ ಘಾಟಿಯ 27 ತಿರುವು ಹತ್ತಿ ಬಂದವರಿಗೆ ಇಲ್ಲಿನ ಮಾಗಿ ಚಳಿಯ ಬಗ್ಗೆ ಬೇರೆ ಹೇಳಬೇಕಿಲ್ಲ. ಇರುಳು ಹೊಲ ಕಾಯುವವರಿಗೆ ಹೆಗಲ ಮೇಲೊಂದು ಕಂಬಳಿ ಇದ್ದರೇನೇ ಧೈರ್ಯ.

1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಗೆರೆ ಬಿದ್ದರೂ ಮನೆಮಾತು ಬದಲಾಗಲಿಲ್ಲ, ಕಂಬಳಿಯೂ ಬಿಡಲಿಲ್ಲ. ಮರಾಠಿಗರು ಘೊಂಗಡಿ ಅನ್ನೋದು ಇದನ್ನೇ.

ಜಗಲಿಗೆ ನೆಂಟರು ಬಂದರೆ ಹಾಸೋದು ಕಂಬಳಿ. ಮಳೆ ಬಂದರೆ ಅದನ್ನೇ ಮಡಚಿ ತಲೆ ಮೇಲೆ ಹಾಕಿದರೆ ಕೊಪ್ಪೆ. ಕುರುಬರ ಮನೆಗಳಲ್ಲಿ ಮದುವೆಯೋ ದೇವರ ಕಾರ್ಯವೋ ಇದ್ದರೆ ಕಂಬಳಿ ಗದ್ದಿಗೆ ಬೇಕೇ ಬೇಕು. ಅಲ್ಲಿ ಮಿಲ್ ಬ್ಲಾಂಕೆಟ್ ನಡೆಯದು.

ಉಣ್ಣೆಯ ಸಹಜ ಜಿಡ್ಡೇ ನೀರನ್ನು ತಡೆಯೋದು. ಹೆಂಗಸರು ನೂಲುತ್ತಾರೆ, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಾರೆ. ನೂಲಿಗೆ ಹುಣಸೆ ಬೀಜದ ಗಂಜಿ ಕೊಡುವುದರಿಂದ ಎಳೆ ಗಟ್ಟಿ. ಇಂಥದ್ದನ್ನು ಸೋಪಿನ ಪುಡಿ, ಬಿಸಿನೀರಿನಲ್ಲಿ ತೊಳೆದರೆ ಜಿಡ್ಡೂ ಹೋಯ್ತು, ಬಟ್ಟೆ ಕುಗ್ಗಿ ಗಂಟೂ ಆಯ್ತು. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು, ಮಡಿಕೆಯಲ್ಲಿ ಒಣಗಿದ ಬೇವಿನ ಸೊಪ್ಪು ಇಟ್ಟರೆ ಸಾಕು. ಹುಳು ಹತ್ತುವುದು ಕಡಿಮೆ.

ತೊಡಕು ಇರೋದು ಉಣ್ಣೆಯಲ್ಲಿ. ಈರೋಡು ಕಡೆಯ ಮೇಚೇರಿ ಕುರಿಗೆ ಉಣ್ಣೆಯೇ ಇಲ್ಲ, ಅದನ್ನು ಸಾಕೋದು ಮಾಂಸ, ಚರ್ಮಕ್ಕೆ. ಕಂಬಳಿಗೆ ಬೇಕಾದ ಒರಟು ಕರಿ ಉಣ್ಣೆ ಚಳ್ಳಕೆರೆ, ಚಿತ್ರದುರ್ಗ ಸೀಮೆಯ ದಖ್ಖನಿ ಕುರಿಯದ್ದು. ಅದನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹಲವೆಡೆ ಕತ್ತರಿಸುವ ಕೂಲಿಯೇ ಉಣ್ಣೆಯ ಬೆಲೆಗಿಂತ ಹೆಚ್ಚಾಗಿ, ಕುರಿಗಾರರು ಉಣ್ಣೆಯನ್ನು ಎಸೆಯುವುದೂ ಉಂಟು. ಕೊಳ್ಳುವವರಿಗೆ ಕಂಬಳಿ ದುಬಾರಿ, ಸಾಕಿದವನಿಗೆ ಉಣ್ಣೆ ದಂಡ... ಲೆಕ್ಕ ಎಲ್ಲೋ ತಪ್ಪಿದೆ.

ಇತ್ತ ಮೇವಿನ ತಾಪತ್ರಯವೂ ಸೇರಿದೆ. ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿ, ಅದೇ ತಿಂಗಳು ಆದೇಶವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲುಗಳಿಗೆ ಮಿತಿಗೊಳಿಸಿತು. ತಾಳವಾಡಿ ಸುತ್ತಲೂ ಇರುವುದು ಅಂಥ ಕಾಡೇ.

ಮಾರುಕಟ್ಟೆಯಲ್ಲಿ ಪಾಣಿಪತ್‌ನ ಹಳೆ ಬಟ್ಟೆ ನೂಲಿನ ಕಂಬಳಿಗಳು ಅಗ್ಗಕ್ಕೆ ಸಿಗುತ್ತವೆ. ಹಗುರ, ಬಣ್ಣ ಬಣ್ಣ, ಒಗೆಯಲೂ ಸಲೀಸು. ಮಕ್ಕಳು ಚುಚ್ಚದ್ದನ್ನೇ ಕೇಳುತ್ತಾರೆ, ಅವರನ್ನು ದೂರಿ ಏನು ಪ್ರಯೋಜನ? ಆದರೆ ದೇವರ ಕಾರ್ಯಕ್ಕೆ ಅಂತ ಕೊಳ್ಳುವವರು ಮೋಸ ಹೋಗಬಾರದಲ್ಲ. ಅಂಚಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ನೂಲಾದರೆ ಕರಗಿ ಗುಂಡಗೆ ಮಣಿಯಂತೆ ಗಟ್ಟಿಯಾಗುತ್ತದೆ.