ಗಿಣ್ಣುಹಾಲು ಮೊದಲು ಮರಿಗೆ

ನಮ್ಮ ಕಡೆ ಹಸು ಕರು ಹಾಕಿದರೆ, ಕರು ಹೆಣ್ಣೋ ಗಂಡೋ ಎಂಬ ಸುದ್ದಿಗಿಂತ ಮೊದಲು ಗಿಣ್ಣಿನ ಸುದ್ದಿ ನೆರೆಮನೆಗೆ ತಲುಪುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ಯಾರಿಗೆ ಬೇಡ? ಕೊಂಕಣಿ ಮಾತನಾಡುವವರು ಅದನ್ನೇ ಖರ್ವಸ್ ಎನ್ನುತ್ತಾರೆ. ಅಕ್ಕಪಕ್ಕದವರಿಗೆ ಹಂಚಿ ತಿನ್ನುವುದು ಒಳ್ಳೆಯ ರೂಢಿಯೇ. ಆದರೆ ಹಂಚುವ ಮುಂಚೆ ಕರು ಕುಡಿಯಿತೇ, ಎಷ್ಟು ಕುಡಿಯಿತು, ಹುಟ್ಟಿದ ಎಷ್ಟು ಹೊತ್ತಿಗೆ ಕುಡಿಯಿತು ಎಂದು ವಿಚಾರಿಸುವವರು ಕಡಿಮೆ. ಗಿಣ್ಣು ಕುಡಿದರೆ ಮರಿಗೆ ಭೇದಿಯಾಗುತ್ತದೆ ಎಂದು ಕೆಲವರು ಅದನ್ನು ಹಿಂಡಿ ಚೆಲ್ಲುತ್ತಾರೆ. ಕಸ ಬೀಳುವ ತನಕ ಮೊಲೆಗೆ ಬಿಡಬಾರದು ಎಂದು ಇನ್ನು ಕೆಲವರು ಮರಿಯನ್ನು ಗಂಟೆಗಟ್ಟಲೆ ದೂರ ಕಟ್ಟುತ್ತಾರೆ. ಒಂದೆರಡು ವಾರದ ನಂತರ ಆ ಮರಿ ಭೇದಿಯಾಗಿ ಸತ್ತರೆ 'ದೃಷ್ಟಿಯಾಯಿತು' ಎನ್ನುತ್ತಾರೆ.

ನಾನು ಯೂನಾನಿ ವೈದ್ಯ, ಮನುಷ್ಯರಿಗೆ ಔಷಧ ಕೊಡುವವನು. ಪ್ರಾಣಿಗಳ ಚಿಕಿತ್ಸೆ ಪಶುವೈದ್ಯರ ಕೆಲಸ, ಅದರಲ್ಲಿ ಕೈಹಾಕುವ ಉದ್ದೇಶ ನನಗಿಲ್ಲ. ಆದರೆ ಕತಗಾಲದಂತಹ ಊರಿನಲ್ಲಿ ಮನೆ ಮತ್ತು ಕೊಟ್ಟಿಗೆಯ ನಡುವೆ ಇರುವುದು ಒಂದು ಅಂಗಳ ಮಾತ್ರ. ಹಿತ್ತಿಲಲ್ಲಿ ನಾಲ್ಕು ಆಡು, ಒಂದು ಹಸು, ಹತ್ತು ಕೋಳಿ ಇರುವ ಮನೆಯ ಆರೋಗ್ಯದ ಬಗ್ಗೆ ಬರೆಯುವಾಗ ಕೊಟ್ಟಿಗೆಯನ್ನು ಬಿಟ್ಟು ಬರೆಯಲಾಗದು.

ಗಿಣ್ಣಿನ ವಿಷಯಕ್ಕೇ ಬರೋಣ. ಮನುಷ್ಯರಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಕಣಗಳು, ಗರ್ಭದಲ್ಲಿರುವಾಗಲೇ ಮಗುವಿಗೆ ಸಾಗುತ್ತವೆ. ನಮ್ಮ ಮಕ್ಕಳು ಹುಟ್ಟುವಾಗಲೇ ಸ್ವಲ್ಪ ರಕ್ಷಣೆ ಹೊತ್ತು ಬರುತ್ತಾರೆ. ಹಸು, ಎಮ್ಮೆ, ಆಡು, ಕುರಿಗಳಲ್ಲಿ ಹಾಗಲ್ಲ. ಅವುಗಳ ಮಾಸಿನ ರಚನೆ ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಕರು ಅಥವಾ ಮರಿ ಹುಟ್ಟುವಾಗ ಅದರ ರಕ್ತದಲ್ಲಿ ಈ ಕಾವಲು ಇಲ್ಲವೆಂದೇ ಹೇಳಬೇಕು. ಅದು ಬೀಳುವುದೋ ಸಗಣಿ, ಮೂತ್ರ, ರೋಗಾಣು ತುಂಬಿದ ನೆಲದ ಮೇಲೆ. ತಾಯಿ ತಾನು ಈ ತನಕ ಎದುರಿಸಿದ ರೋಗಗಳ ವಿರುದ್ಧ ಗಳಿಸಿದ್ದೆಲ್ಲವನ್ನೂ ಗಿಣ್ಣುಹಾಲಿನಲ್ಲಿ ಇಟ್ಟುಕೊಡುತ್ತದೆ. ಅದು ದಪ್ಪ, ಹಳದಿಯಾಗಿರುವುದು ಆ ಪೌಷ್ಟಿಕತೆಯಿಂದಲೇ.

ಇಲ್ಲಿ ಹೊತ್ತು ಬಹಳ ಮುಖ್ಯ. ಹುಟ್ಟಿದ ಮೊದಲ ಗಂಟೆಗಳಲ್ಲಿ ಮರಿಯ ಕರುಳಿನ ಗೋಡೆ ಈ ಪ್ರತಿಕಾಯಗಳನ್ನು ಒಡೆಯದೆ, ಇಡಿಯಾಗಿಯೇ ರಕ್ತಕ್ಕೆ ಸೇರಿಸಿಕೊಳ್ಳುತ್ತದೆ. ಆ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಹೋಗಿ ಸುಮಾರು 24 ಗಂಟೆಯಲ್ಲಿ ಪೂರ್ತಿ ಮುಚ್ಚಿಬಿಡುತ್ತದೆ. ಮರುದಿನ ಕೊಡ ತುಂಬ ಗಿಣ್ಣು ಕುಡಿಸಿದರೂ ಅದು ಆಹಾರವಾಗುತ್ತದೆ, ರಕ್ತದ ಕಾವಲಾಗುವುದಿಲ್ಲ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗುಟುಕು ಹೊಟ್ಟೆಗೆ ಹೋಗಬೇಕು. ಮೊದಲ ದಿನ ಮರಿಯ ತೂಕದ ಹತ್ತನೇ ಒಂದು ಭಾಗದಷ್ಟು ಬೇಕು, ಅದರ ಅರ್ಧ ಮೊದಲ ಆರು ಗಂಟೆಯಲ್ಲೇ. 2 ಕಿಲೋ ತೂಗುವ ಆಡಿನ ಮರಿಗೆ 200 ಮಿಲಿ, 20 ಕಿಲೋದ ಕರುವಿಗೆ 2 ಲೀಟರ್. ಅವಳಿ, ತ್ರಿವಳಿ ಮರಿಗಳಲ್ಲಿ ಬಡವಾದದ್ದು ಹಿಂದೆ ಉಳಿಯುತ್ತದೆ. ಅದನ್ನು ಎತ್ತಿ ಹಿಡಿದು ಕುಡಿಸಬೇಕು, ಅಥವಾ ಶುದ್ಧ ಬಾಟಲಿಗೆ ಕರೆದು ನಿಧಾನವಾಗಿ ಕೊಡಬೇಕು. ಕಸ ಬೀಳುವುದನ್ನು ಕಾಯಬೇಕಾಗಿಲ್ಲ. ಮರಿ ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೀಳಲು ಸಹಾಯವೇ ಆಗುತ್ತದೆ. ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ಒರೆಸಿ, ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಹಸಿಯಾದ ಹೊಕ್ಕುಳಿನಿಂದ ಒಳಹೊಕ್ಕ ರೋಗಾಣು ಕೆಲವು ದಿನಗಳಲ್ಲಿ ಕೀಲುಗಳಿಗೆ ಇಳಿಯುತ್ತದೆ. ಮರಿ ಮೊಣಕಾಲು ಊದಿ ಕುಂಟುವುದನ್ನು ಎಷ್ಟೋ ಮಂದಿ 'ಎಲ್ಲೋ ಪೆಟ್ಟಾಯಿತು' ಎಂದು ತಿಳಿಯುತ್ತಾರೆ.

ಮರಿಗೆ ಸಾಕಾಗಿ ಉಳಿದದ್ದನ್ನು ಧಾರಾಳವಾಗಿ ಬೇಯಿಸಿ ತಿನ್ನಿ. ಹಸುವಿನಲ್ಲಿ ಉಳಿದೇ ಉಳಿಯುತ್ತದೆ.

ಯೂನಾನಿ ವೈದ್ಯದಲ್ಲಿ 'ತಬೀಅತ್' ಎಂಬ ಮಾತಿದೆ. ಶರೀರವನ್ನು ಒಳಗಿನಿಂದ ನಡೆಸುವ, ರೋಗ ಬಂದಾಗ ತಾನೇ ಎದುರಿಸುವ ಶಕ್ತಿ ಅದು. ಹಕೀಮನ ಕೆಲಸ ತಬೀಅತ್‌ಗೆ ನೆರವಾಗುವುದಷ್ಟೇ ಎಂದು ನಮಗೆ ಕಲಿಸುತ್ತಾರೆ. ಹಳೆಯ ಹಕೀಮರಿಗೆ ಸೂಕ್ಷ್ಮದರ್ಶಕವಿರಲಿಲ್ಲ, ರೋಗಾಣುವನ್ನು ಅವರು ಕಂಡಿರಲಿಲ್ಲ. ಹಾಗಾಗಿ ಲಸಿಕೆಯ ಕೆಲಸವನ್ನು ಕಷಾಯದಿಂದ ಮಾಡುತ್ತೇವೆ ಎಂದು ನಮ್ಮವರು ಯಾರಾದರೂ ಹೇಳಿದರೆ ಒಪ್ಪಬೇಡಿ. ತಬೀಅತ್‌ಗೆ ಶತ್ರುವಿನ ಗುರುತು ಮೊದಲೇ ಹೇಳಿಕೊಡುವುದು ಲಸಿಕೆ. ಅದಕ್ಕೆ ಬದಲಿ ನನ್ನ ಔಷಧದ ಕಪಾಟಿನಲ್ಲಿಲ್ಲ.

ತಾಯಿಯಿಂದ ಬಂದ ಈ ಸಾಲದ ರಕ್ಷಣೆ ಸುಮಾರು ಮೂರು ತಿಂಗಳಲ್ಲಿ ಕರಗುತ್ತದೆ. ಅದಕ್ಕೂ ಮುಂಚೆ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನು ಹೊಡೆದುಹಾಕಿಬಿಡಬಹುದು. ತಡವಾದರೆ ನಡುವೆ ಬರಿಗೈಯ ಕಾಲ. ಪಶುವೈದ್ಯರು ಮೂರು ನಾಲ್ಕು ತಿಂಗಳ ಮರಿಗೆ ಪಿಪಿಆರ್ ಲಸಿಕೆ ಹಾಕಿಸಿ ಎನ್ನುವುದು ಇದಕ್ಕೇ.

ಪಿಪಿಆರ್ ಆಡು, ಕುರಿಗಳ ಅತಿ ಕೆಟ್ಟ ವೈರಸ್ ರೋಗ. ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಬಾಯಿಯಲ್ಲಿ ಹುಣ್ಣು, ಆಮೇಲೆ ನಾರುವ ಭೇದಿ, ಏದುಸಿರು. ಲಸಿಕೆ ಕಾಣದ ಮಂದೆಗೆ ಹೊಕ್ಕರೆ ಅರ್ಧಕ್ಕಿಂತ ಹೆಚ್ಚು ಆಡುಗಳು ಸಾಯುವುದುಂಟು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಮನುಷ್ಯರಿಗೆ ಬರುವುದಿಲ್ಲ. ಇದರ ಹತ್ತಿರದ ಬಂಧು ದನಗಳ ದೊಡ್ಡರೋಗ. ಅಜ್ಜಂದಿರ ಕಾಲದಲ್ಲಿ ಕೊಟ್ಟಿಗೆಗಳನ್ನೇ ಖಾಲಿ ಮಾಡುತ್ತಿದ್ದ ಆ ರೋಗ ನಮ್ಮ ದೇಶದಲ್ಲಿ 1995ರ ನಂತರ ಕಾಣಿಸಲಿಲ್ಲ. 2011ರಲ್ಲಿ ಜಗತ್ತಿನಿಂದಲೇ ಅಳಿಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ನಿರ್ನಾಮವಾದ ರೋಗ ಇದೊಂದೇ. ಮಾಡಿದ್ದು ಲಸಿಕೆ ಮತ್ತು ದನಗಳ ಓಡಾಟದ ಮೇಲಿನ ನಿಗಾ. ಪಿಪಿಆರ್ ಅನ್ನೂ 2030ರೊಳಗೆ ಹಾಗೆಯೇ ಮುಗಿಸಬೇಕೆಂಬ ಅಂತಾರಾಷ್ಟ್ರೀಯ ಗುರಿ ಇದೆ. ಒಂದು ಸಲದ ಲಸಿಕೆ ಕನಿಷ್ಠ ಮೂರು ವರ್ಷ ಕಾಯುತ್ತದೆ. ಹಾಕಿಸುವ ಎರಡು ವಾರ ಮೊದಲು ಜಂತಿನ ಔಷಧ ಕೊಡಿಸಿ. ಹೊಟ್ಟೆ ತುಂಬ ಹುಳವಿರುವ ಬಡಕಲು ಆಡಿನಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಬಕ್ರೀದ್ ಹತ್ತಿರವಾದಾಗ ಬರುವ ಆಡುಗಳು

ಪಿಪಿಆರ್ ವೈರಸ್ ಪ್ರಾಣಿಯ ದೇಹದ ಹೊರಗೆ ಹೆಚ್ಚು ಕಾಲ ಬದುಕುವುದಿಲ್ಲ. ಗಾಳಿಯಲ್ಲಿ ತೇಲಿ ದೂರದ ಊರಿನಿಂದ ಬರುವುದಿಲ್ಲ, ಆಡಿನ ಜೊತೆಗೇ ನಡೆದು ಬರುತ್ತದೆ. ನಮ್ಮ ಕರಾವಳಿಗೆ ಬಕ್ರೀದ್ ಮುಂಚೆ ಘಟ್ಟದ ಮೇಲಿನ ಸಂತೆಗಳಿಂದ ವಾಹನಗಳಲ್ಲಿ ಆಡುಗಳು ಇಳಿಯುತ್ತವೆ. ಹತ್ತೂರಿನ ಆಡು ಒಂದೇ ವಾಹನದಲ್ಲಿ, ಒತ್ತೊತ್ತಾಗಿ, ನೀರು ಮೇವಿಲ್ಲದೆ ಬಂದಿರುತ್ತವೆ. ಆ ಆಯಾಸದಲ್ಲಿ ಅವುಗಳ ನಿರೋಧಕ ಶಕ್ತಿ ಕುಗ್ಗಿರುತ್ತದೆ. ನೋಡಲು ಚೆನ್ನಾಗಿದ್ದ ಆಡು ನಾಲ್ಕೈದು ದಿನದಲ್ಲಿ ಮೂಗು ಸೋರಿಸಲು ತೊಡಗುವುದು ಹೀಗೆ. ಅದನ್ನು ತಂದು ನೇರವಾಗಿ ಮನೆಯ ಮರಿಗಳ ಪಕ್ಕ ಕಟ್ಟಿದರೆ ರೋಗವನ್ನು ನಾವೇ ಕೈಹಿಡಿದು ತಂದಂತೆ.

ಹೊರಗಿನಿಂದ ತಂದ ಆಡನ್ನು ಬೇರೆ ಕಡೆ ಕಟ್ಟಿ. ಮೇವಿನ ಬುಟ್ಟಿ, ನೀರಿನ ಪಾತ್ರೆ ಬೇರೆ ಇರಲಿ. ಮೊದಲು ಮನೆಯ ಆಡುಗಳನ್ನು ನೋಡಿಕೊಂಡು, ಕೊನೆಗೆ ಹೊಸದರ ಬಳಿ ಹೋಗಿ ಕೈ ತೊಳೆಯಿರಿ. ಸಾಕಲು ತಂದದ್ದಾದರೆ ಮೂರು ವಾರ ಹೀಗೆ ಇರಬೇಕು. ಕುರ್ಬಾನಿಗೆ ತಂದದ್ದಾದರೆ ಹಬ್ಬದ ದಿನದವರೆಗೂ. ರೋಗಿ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದು ಪ್ರವಾದಿಯವರು(ಸ) ಹೇಳಿದ್ದು ಹದೀಸ್‌ನಲ್ಲಿದೆ. ಕುರ್ಬಾನಿಗೆ ಎದ್ದು ಕಾಣುವ ಕಾಯಿಲೆಯ ಪ್ರಾಣಿ ಸಲ್ಲದೆಂಬುದು ನಮಗೆಲ್ಲ ಗೊತ್ತು. ಕೊಳ್ಳುವಾಗ ಕೊಂಬು, ಬಣ್ಣ ನೋಡುವಷ್ಟೇ ಹೊತ್ತು ಮೂಗು, ಬಾಯಿ, ಬಾಲದ ಬುಡವನ್ನೂ ನೋಡಿ. ಮನೆಯ ಆಡುಗಳಿಗೆ ಲಸಿಕೆ ಹಾಕಿಸುವುದಿದ್ದರೆ ಹಬ್ಬಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಆಗಬೇಕು, ಏಕೆಂದರೆ ಅದರ ಬಲ ಬರಲು ಎರಡು ಮೂರು ವಾರ ಹಿಡಿಯುತ್ತದೆ.

ಮಳೆಗಾಲದ ಕೊಟ್ಟಿಗೆ

ಯೂನಾನಿಯಲ್ಲಿ ಆರೋಗ್ಯಕ್ಕೆ ಬೇಕಾದ ಆರು ಕಾರಣಗಳನ್ನು ಎಣಿಸುವಾಗ ಮೊದಲನೆಯದು ಗಾಳಿ. ಜೂನ್‌ನಿಂದ ನಾಲ್ಕು ತಿಂಗಳು ನಮ್ಮಲ್ಲಿ ನೆಲ ಒಣಗುವುದೇ ಇಲ್ಲ. ಎರಚಲು ಹೊಡೆಯದಿರಲೆಂದು ಕೊಟ್ಟಿಗೆಯ ನಾಲ್ಕೂ ಕಡೆ ಪ್ಲಾಸ್ಟಿಕ್ ಕಟ್ಟಿಬಿಡುತ್ತೇವೆ. ಒಳಗೆ ಮೂತ್ರದ ಘಾಟು ತುಂಬುತ್ತದೆ. ಆ ಅಮೋನಿಯಾ ಶ್ವಾಸನಾಳದ ಒಳಪದರವನ್ನು ಸುಡುತ್ತದೆ, ಸುಟ್ಟ ಪದರದ ಮೂಲಕ ರೋಗಾಣು ಸುಲಭವಾಗಿ ಇಳಿಯುತ್ತದೆ, ಮರಿಗೆ ನ್ಯುಮೋನಿಯಾ. ನೀವು ಮರಿಯ ಎತ್ತರಕ್ಕೆ ಕುಳಿತು ಉಸಿರು ತೆಗೆದುಕೊಂಡು ನೋಡಿ. ನಿಮ್ಮ ಕಣ್ಣು ಉರಿದರೆ ಅದಕ್ಕೂ ಉರಿಯುತ್ತದೆ. ಎರಚಲು ಬರುವ ಬದಿಯನ್ನು ಮಾತ್ರ ಮುಚ್ಚಿ, ಮಾಡಿನ ಕೆಳಗೆ ಗಾಳಿಯಾಡಲು ಜಾಗ ಬಿಡಿ.

ಆಡುಗಳಿಗೆ ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ ಅಡಿಕೆ ದಬ್ಬೆಯ ಅಟ್ಟ ಕಟ್ಟುವುದು ಇಲ್ಲಿಗೆ ಹೇಳಿ ಮಾಡಿಸಿದ ಉಪಾಯ. ದಬ್ಬೆಗಳ ನಡುವೆ ಅರ್ಧ ಇಂಚು ಸಂದು ಇದ್ದರೆ ಹಿಕ್ಕೆ, ಮೂತ್ರ ಕೆಳಗೆ ಬೀಳುತ್ತವೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಮರಿಗಳ ಕರುಳು ಕೆಡಿಸುವ ಪರಜೀವಿಗಳು, ಜಂತುಹುಳುಗಳು ಬೆಳೆಯುವುದು ತೇವದ ಹಿಕ್ಕೆಯಲ್ಲಿ. ಆಡು ಅದರ ಮೇಲೆ ನಿಲ್ಲದಿದ್ದರೆ ಅರ್ಧ ಔಷಧ ಉಳಿಯಿತು.

ದನದ ಕೊಟ್ಟಿಗೆಗೆ ಬೆಟ್ಟದಿಂದ ದರಕು ತಂದು ಹಾಸುವ ಪದ್ಧತಿಯ ಬಗ್ಗೆ ಒಂದು ಮಾತು. ಗೊಬ್ಬರಕ್ಕೆ ಅದು ಬೇಕು, ಬಿಡಿ ಎನ್ನುವುದಿಲ್ಲ. ಆದರೆ ದರಕು ಗುಡಿಸುವ ಬೇಸಿಗೆಯ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ನಮ್ಮ ಜಿಲ್ಲೆಗೂ ಹೊಸದಲ್ಲ. ದನಗಳಿಗೆ ಇದರಿಂದ ಕಾಯಿಲೆಯಾಗುವುದಿಲ್ಲ, ಆದರೆ ವೈರಸ್ ಹೊರುವ ಉಣುಗುಗಳು ಅವುಗಳ ಮೈಮೇಲೆ ಮನೆಗೆ ಬರುತ್ತವೆ, ದರಕಿನಲ್ಲೂ ಬರುತ್ತವೆ. ದರಕಿನ ರಾಶಿಯನ್ನು ಮಕ್ಕಳು ಆಡುವ ಅಂಗಳದಿಂದ ದೂರ ಇಡಿ. ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ದನದ ಉಣುಗಿಗೆ ಔಷಧ ಪಶು ಆಸ್ಪತ್ರೆಯಲ್ಲಿ ಕೇಳಿ. 2022ರಲ್ಲಿ ರಾಜ್ಯದ ಉದ್ದಗಲಕ್ಕೂ ಹಬ್ಬಿದ ದನಗಳ ಚರ್ಮಗಂಟು ರೋಗ ಹರಡಿದ್ದೂ ಕಚ್ಚುವ ನೊಣ, ಸೊಳ್ಳೆ, ಉಣುಗುಗಳಿಂದಲೇ.

ಫಿನಾಯಿಲ್ ವಾಸನೆ ಬಂದರೆ ಸ್ವಚ್ಛವಾಯಿತು ಎಂಬ ನಂಬಿಕೆ ಬಿಡಬೇಕು. ಸಗಣಿಯ ಮೇಲೆ ಸುರಿದ ಬ್ಲೀಚಿಂಗ್ ಪೌಡರ್ ಸಗಣಿಯ ಜೊತೆ ಹೋರಾಡಿ ಮುಗಿಯುತ್ತದೆ, ರೋಗಾಣುವಿನ ತನಕ ತಲುಪುವುದಿಲ್ಲ. ಮೊದಲು ಕೆರೆದು ತೆಗೆಯಬೇಕು, ನಂತರ ನೀರು, ಒಣಗಿದ ಮೇಲೆ ಔಷಧ. ಕಾಲುಬಾಯಿ ರೋಗದ ಕಾಲದಲ್ಲಿ ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರು ಅಗ್ಗದ, ಒಳ್ಳೆಯ ಮದ್ದು. ಹಾಲು ಕರೆದ ಮೇಲೆ ಹಸುವಿನ ಮುಂದೆ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಮೊಲೆಯ ತುದಿ ಮುಚ್ಚಲು ಅಷ್ಟು ಹೊತ್ತು ಬೇಕು, ಅಷ್ಟರಲ್ಲಿ ಸಗಣಿಯಲ್ಲಿ ಮಲಗಿದರೆ ಕೆಚ್ಚಲು ಬಾವು.

ಔಷಧ ಅಂಗಡಿಯಿಂದ ಯಾರೋ ಹೇಳಿದ ಆಂಟಿಬಯೋಟಿಕ್ ತಂದು ಒಂದು ದಿನ ಚುಚ್ಚಿ, ಆಡು ಎದ್ದು ನಿಂತಿತೆಂದು ನಿಲ್ಲಿಸುವ ಅಭ್ಯಾಸ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ಪಿಪಿಆರ್‌ನಂತಹ ವೈರಸ್ಸನ್ನು ಅದು ಕೊಲ್ಲುವುದಿಲ್ಲ. ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಪಳಗುತ್ತವೆ, ಹಾಲು ಮಾಂಸದ ಮೂಲಕ ಆ ಔಷಧದ ಅಂಶ ಮಕ್ಕಳ ಹೊಟ್ಟೆಗೂ ಬರುತ್ತದೆ. ಪಶುವೈದ್ಯರು ಚುಚ್ಚಿದಾಗ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿ ಗೋಡೆಯ ಮೇಲೆ ಬರೆದಿಡಿ. ದೂರದ ಮನೆಯವರು 1962ಕ್ಕೆ ಉಚಿತ ಕರೆ ಮಾಡಿದರೆ ಸರಕಾರದ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಕೊನೆಯದಾಗಿ ಕಂದು ಹಾಕುವ ರೋಗ, ಬ್ರುಸೆಲ್ಲೋಸಿಸ್. ಇದು ಪ್ರಾಣಿಯಿಂದ ಮನುಷ್ಯರಿಗೆ ಖಂಡಿತ ಬರುತ್ತದೆ. ಗರ್ಭದ ಕೊನೆಯ ದಿನಗಳಲ್ಲಿ ಹಸು, ಆಡು ಕಂದು ಹಾಕಿದರೆ ಆ ಕಂದು, ಕಸ, ಸೋರುವ ನೀರಿನಲ್ಲೆಲ್ಲ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಬಸುರಿ ಹೆಂಗಸರು ಆ ಕಡೆ ಹೋಗಲೇಬಾರದು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನಕ್ಕೆ ಒಂದೇ ಸಲ ಹಾಕುವ ಲಸಿಕೆ ಸರಕಾರದ ಕಾರ್ಯಕ್ರಮದಲ್ಲೇ ಸಿಗುತ್ತದೆ. ದಮ್ಮಿಗೆ ಒಳ್ಳೆಯದೆಂದು ಆಡಿನ ಹಸಿ ಹಾಲು ಕುಡಿಸುವವರು ನಮ್ಮಲ್ಲಿದ್ದಾರೆ. ಕುದಿಸಿದ ಹಾಲಿನ ಗುಣ ಎಲ್ಲೂ ಹೋಗುವುದಿಲ್ಲ, ರೋಗಾಣು ಮಾತ್ರ ಸಾಯುತ್ತದೆ. ಈ ರೋಗದ ಜ್ವರ ಬಂದು ಹೋಗಿ ವಾರಗಟ್ಟಲೆ ಕಾಡುತ್ತದೆ, ರಾತ್ರಿ ಬೆವರು, ಸೊಂಟ ಕೀಲುಗಳ ನೋವು, ಎದ್ದು ನಿಲ್ಲಲಾಗದ ಸುಸ್ತು. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಆರು ವಾರ ಬಿಡದೆ ಆಂಟಿಬಯೋಟಿಕ್ ತೆಗೆದುಕೊಂಡರೆ ಗುಣವಾಗುತ್ತದೆ. ಅಂತಹ ಜ್ವರಕ್ಕೆ ಯಾವ ವೈದ್ಯರ ಬಳಿ ಹೋದರೂ ಅವರು ಕೇಳುವ ಮುಂಚೆಯೇ ಹೇಳಿಬಿಡಿ: ನಮ್ಮ ಮನೆಯಲ್ಲಿ ಆಡು ಇದೆ, ಹೋದ ತಿಂಗಳು ಒಂದು ಕಂದು ಹಾಕಿತು, ಅದನ್ನು ಎತ್ತಿದ್ದು ನಾನೇ.