ಹಳೆಯ ಜೀಪಿಗೆ ಬೇರೆ ಮಾದರಿಯ ಗೇರ್‌ಬಾಕ್ಸ್

ನಮ್ಮ ಸದಸ್ಯರ ಶೆಡ್ಡುಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರ ಸಿ.ಜೆ. 3ಬಿ ಜೀಪುಗಳಿಗೆ ಎಂ.ಎಂ. 540 ಮುಂತಾದ ನಂತರದ ಮಾದರಿಗಳ ನಾಲ್ಕು ಗೇರಿನ ಪೆಟ್ಟಿಗೆ ಕೂಡಿಸಬಹುದೇ ಎಂದು ಸಂಘದ ಕಚೇರಿಯಲ್ಲಿ ಆಗಾಗ ಕೇಳುವವರಿದ್ದಾರೆ. ಕೂಡಿಸಬಹುದು. ಆದರೆ ಗುಜರಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಪೆಟ್ಟಿಗೆ ತಂದಿಟ್ಟು, ಆಮೇಲೆ ಸೇರಿಸುವ ದಾರಿ ಹುಡುಕುವುದು ದುಡ್ಡು ದಂಡದ ಕೆಲಸ.

ಬದಲಾವಣೆ ಏಕೆ ಬೇಕೆಂಬುದನ್ನು ಮೊದಲು ನೋಡೋಣ. 3ಬಿಯ ಮೂಲ ಪೆಟ್ಟಿಗೆ ಟಿ-90, ಮೂರು ಗೇರು. ಎರಡು ಮತ್ತು ಮೂರಕ್ಕೆ ಮಾತ್ರ ಸಿಂಕ್ರೊಮೆಶ್ ಉಂಟು. ಮೂಟೆಗಳನ್ನೂ ಕೆಲಸದವರನ್ನೂ ತುಂಬಿಕೊಂಡು ಘಟ್ಟ ಇಳಿಯುವಾಗ, ಓಡುವ ಜೀಪನ್ನು ಒಂದನೇ ಗೇರಿಗೆ ಇಳಿಸಲು ಡಬಲ್ ಕ್ಲಚ್ ಬಲ್ಲವನೇ ಬೇಕು. ಅಂಥ ಡ್ರೈವರುಗಳು ಈಗ ಅಪರೂಪ. ಉಳಿದವರು ಎರಡನೆಯದರಲ್ಲೇ ಬ್ರೇಕ್ ತುಳಿಯುತ್ತ ಇಳಿಯುತ್ತಾರೆ. ಡ್ರಮ್ಮು ಕಾದು ಬ್ರೇಕಿನ ಹಿಡಿತ ತಪ್ಪುವುದು ಹೀಗೆಯೇ. ಲೋ ಹಾಕಬಹುದಲ್ಲ ಎಂದರೆ, ಈ ಜೀಪಿನಲ್ಲಿ ಲೋ ಬೀಳಲು ಮುಂದಿನ ಚಕ್ರಗಳೂ ಕೂಡಿರಬೇಕು. ಒಣ ಡಾಂಬರಿನ ತಿರುವುಗಳಲ್ಲಿ ಅದು ಸಲ್ಲದು.

ಲೆಕ್ಕ ಸುಲಭ. ಟಿ-90ರ ಒಂದನೇ ಗೇರು 2.80, ಎರಡನೆಯದು 1.55, ಆಕ್ಸಲ್ 5.38. ಗುಣಿಸಿದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಒಂದನೆಯದರಲ್ಲಿ 15, ಎರಡನೆಯದರಲ್ಲಿ ಸುಮಾರು 8 ಸುತ್ತು. ಒಂದನೇ ಗೇರು 4 ಇರುವ ಪೆಟ್ಟಿಗೆಯಾದರೆ ಇದು 21 ದಾಟುತ್ತದೆ. ಎಂಜಿನ್ನೇ ಜೀಪನ್ನು ಹಿಡಿದುಕೊಳ್ಳುತ್ತದೆ. ಕೊನೆಯ ಗೇರು ಎರಡರಲ್ಲೂ ನೇರವಾಗಿದ್ದರೆ ನೆಟ್ಟನೆಯ ರಸ್ತೆಯ ಓಟದಲ್ಲಿ ವ್ಯತ್ಯಾಸ ನಿರೀಕ್ಷಿಸಬಾರದು.

ಇನ್ನು ಜೋಡಣೆ. ಮುಂದುಗಡೆ ಬೆಲ್ ಹೌಸಿಂಗಿನ ಬೋಲ್ಟು ತೂತುಗಳು ಕೂಡದಿದ್ದರೆ ನಡುವೆ ಅಡಾಪ್ಟರ್ ಪ್ಲೇಟು ಬೇಕು. ಕ್ಲಚ್ ಪ್ಲೇಟಿನ ಹೊರ ಅಳತೆ ಎಂಜಿನ್ನಿನ ಫ್ಲೈವೀಲಿಗೂ ನಡುವಿನ ಹಲ್ಲುಗಳು ಹೊಸ ಪೆಟ್ಟಿಗೆಯ ಶಾಫ್ಟಿಗೂ ಹೊಂದಬೇಕು. ಶಾಫ್ಟಿನ ತುದಿ ಕ್ರ್ಯಾಂಕಿನ ಪೈಲಟ್ ಬುಷ್ಷಿನೊಳಗೆ ಸರಿಯಾಗಿ ಕೂರಬೇಕು. ಗಿಡ್ಡವಾದರೆ ಆಧಾರವಿಲ್ಲ, ಉದ್ದವಾದರೆ ಕ್ರ್ಯಾಂಕನ್ನು ಒತ್ತುತ್ತದೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದಿರುವುದು ಪ್ಲೇಟಿನ ಕೇಂದ್ರ. ಅದು ಕ್ರ್ಯಾಂಕಿನ ನೇರದಿಂದ ಕೂದಲೆಳೆಯಷ್ಟು ಸರಿದರೂ ಬುಷ್ಷು ಸವೆದು, ಕ್ಲಚ್ ನಡುಗಿ, ಗೇರು ತಾನಾಗಿ ಜಾರುತ್ತದೆ, ಅದೂ ಇಳಿಜಾರಿನಲ್ಲಿ. ಡಯಲ್ ಗೇಜು ಇಟ್ಟು ಒಂದು ಸುತ್ತು ತಿರುಗಿಸಿದಾಗ ಮುಳ್ಳು ಇಂಚಿನ ಸಾವಿರದಲ್ಲಿ 5ಕ್ಕಿಂತ ಹೆಚ್ಚು ಆಡಕೂಡದು. ಡಯಲ್ ಗೇಜಿಲ್ಲದೆ ಕಣ್ಣಂದಾಜಿನಲ್ಲಿ ಪ್ಲೇಟು ಕೊರೆಯುವ ಗ್ಯಾರೇಜಿಗೆ ಜೀಪು ಒಪ್ಪಿಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹಿಂದುಗಡೆ ಇನ್ನೊಂದು ತೊಡಕು. 3ಬಿಯ ಎರಡು ಆಕ್ಸಲ್‌ಗಳ ನಡುವೆ ಇರುವುದು 80 ಇಂಚು ಮಾತ್ರ. ಪೆಟ್ಟಿಗೆ ಉದ್ದವಾದಷ್ಟೂ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿದು, ಮೊದಲೇ ಗಿಡ್ಡವಾದ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಇನ್ನೂ ಗಿಡ್ಡವಾಗಿ, ಅದರ ಓರೆ ಹೆಚ್ಚುತ್ತದೆ. ಯೂನಿವರ್ಸಲ್ ಜಾಯಿಂಟುಗಳು ಬಹುಕಾಲ ಬಾಳವು. ಪೆಟ್ಟಿಗೆ ಕೊಳ್ಳುವ ಮುನ್ನವೇ ಟೇಪು ಹಿಡಿದು ಅಳೆಯಿರಿ. ಮುಂದಿನ ಶಾಫ್ಟನ್ನು ಅಷ್ಟೇ ಉದ್ದ ಮಾಡಿಸಬೇಕು. ಚಾಸಿಯ ಅಡ್ಡಪಟ್ಟಿಯೂ ಜಾಗ ಬದಲಿಸಬೇಕಾದೀತು. ಟ್ರಾನ್ಸ್‌ಫರ್ ಕೇಸು ಹಳೆಯದೇ ಉಳಿದರೆ ಸ್ಪೀಡೊಮೀಟರ್ ಲೆಕ್ಕ ತಪ್ಪದು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್.ಟಿ.ಓ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರಹದಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಎರಡನೇ ಗೇರಿಗೆ ಹಾಕುವಾಗ ಕರಕರ ಸದ್ದು ಎಂಬಷ್ಟೇ ದೂರಾಗಿದ್ದರೆ ಇಷ್ಟೆಲ್ಲ ಬೇಡ. ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯೇ ನೋಡಿ. ಬಿಡುತ್ತಿದ್ದರೆ ಹಿತ್ತಾಳೆಯ ಸಿಂಕ್ರೊ ರಿಂಗು ಸವೆದಿರಬಹುದು, ಬಿಚ್ಚಿ ಹೊಸದು ಹಾಕಿಸಿ. ಕೆಲವು ಜಿ.ಎಲ್. 5 ಎಣ್ಣೆಗಳು ಈ ರಿಂಗನ್ನು ತಿನ್ನುತ್ತವೆ. ಅಂಗಡಿಯಲ್ಲಿ ‘90ರ ಎಣ್ಣೆ’ ಎಂದಷ್ಟೇ ಕೇಳದೆ, ಡಬ್ಬದ ಮೇಲೆ ಜಿ.ಎಲ್. 4 ಎಂದಿರುವುದನ್ನು ಓದಿ ಕೊಳ್ಳಿ.