ದುರ್ಬಲ ಹೃದಯವೂ ಮೂತ್ರಪಿಂಡಗಳೂ

ಮನೆಯ ಹಿರಿಯರ ಪಾದಗಳು ಸಂಜೆಯ ವೇಳೆಗೆ ಊದಿಕೊಂಡರೆ, ನಡೆದು ದಣಿದಿರುವರೆಂದು ನಾವು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ಅದರೊಡನೆ ಏದುಸಿರೂ, ಮಲಗಿದೊಡನೆ ಉಸಿರು ಕಟ್ಟುವುದೂ ಸೇರಿದಲ್ಲಿ, ರಕ್ತವನ್ನು ನೂಕಲು ಹೃದಯಕ್ಕೆ ಶಕ್ತಿ ಸಾಲದೆಂದು ಸಂಶಯಪಡಬೇಕು. ವೈದ್ಯರು ಇದನ್ನು ಹೃದಯ ವೈಫಲ್ಯವೆನ್ನುವರು. ಹೃದಯವು ನಿಂತುಹೋಯಿತೆಂದು ಇದರ ಅರ್ಥವಲ್ಲ.

ಆನೇಕಲ್ ತಾಲ್ಲೂಕಿನ ಚಂದಾಪುರದವರಿಗೆ ಹೃದ್ರೋಗದ ಚಿಕಿತ್ಸೆಯು ದೂರದ ಮಾತಲ್ಲ. ಹೊಸೂರು ರಸ್ತೆಯಲ್ಲಿ, ಸಮೀಪದ ಬೊಮ್ಮಸಂದ್ರದಲ್ಲಿ, ಡಾಕ್ಟರ್ ದೇವಿಪ್ರಸಾದ ಶೆಟ್ಟಿಯವರು 2000ನೆಯ ಇಸವಿಯಲ್ಲಿ ಸ್ಥಾಪಿಸಿದ ನಾರಾಯಣ ಹೃದಯಾಲಯವಿದೆ. ಹೃದಯದ ಹೆಸರನ್ನೇ ಹೊತ್ತು ಹುಟ್ಟಿದ ಆ ಸಂಸ್ಥೆಯಲ್ಲಿ ಇಂದು ಮೂತ್ರಪಿಂಡಗಳಿಗೂ ಚಿಕಿತ್ಸೆ ನಡೆಯುವುದು. ಈ ಎರಡು ಅಂಗಗಳ ನಂಟನ್ನು ಗೃಹಸ್ಥರು ತಿಳಿದಿರುವುದು ಅವಶ್ಯವು.

ಹೃದಯವು ಹೊರನೂಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೇ ಸಲ್ಲುವುದು. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುವುವು. ಹೃದಯವು ಸೋತಾಗ ಅವಕ್ಕೆ ಬರುವ ರಕ್ತವು ಕುಗ್ಗುವುದು. ಶರೀರದಲ್ಲಿ ರಕ್ತವೇ ಕಡಿಮೆಯಾಯಿತೋ ಎಂಬಂತೆ ಅವು ಉಪ್ಪನ್ನೂ ನೀರನ್ನೂ ಹಿಡಿದಿಡುವುವು. ಆ ನೀರು ಹೃದಯಕ್ಕೆ ಮತ್ತಷ್ಟು ಭಾರ; ಮುಂದೆ ಸಾಗದೆ ಅಭಿಧಮನಿಗಳಲ್ಲಿ ತುಂಬಿನಿಂತ ರಕ್ತವು ಮೂತ್ರಪಿಂಡಗಳಿಗೂ ಭಾರ. ಹೀಗೆ ಒಂದರ ಕೇಡು ಮತ್ತೊಂದನ್ನು ಕೆಡಿಸುವುದು.

ಆದುದರಿಂದ ರೋಗಿಯ ಮುಂದಿನ ಗತಿಯನ್ನು ತಿಳಿಯಲು ಹೃದಯದ ಪರೀಕ್ಷೆಯೊಂದೇ ಸಾಲದು. ತೀವ್ರ ಹೃದಯ ವೈಫಲ್ಯದವರನ್ನು ಕುರಿತು ಡಚ್ ವೈದ್ಯರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಯುಸ್ಸನ್ನು ಸೂಚಿಸುವುದರಲ್ಲಿ ಹೃದಯದ ನೂಕುಬಲಕ್ಕಿಂತಲೂ ಮೂತ್ರಪಿಂಡಗಳ ಸೋಸುವ ಶಕ್ತಿಯೇ ಮಿಗಿಲೆಂದು ಕಂಡುಬಂದಿತು. ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯಿಂದ ಈ ಶಕ್ತಿಯನ್ನು ಅಂದಾಜು ಮಾಡುವರು. ಔಷಧವನ್ನು ಆರಂಭಿಸಿದ ಮೇಲೆ ಕ್ರಿಯಾಟಿನಿನ್ ಕೊಂಚ ಏರುವುದುಂಟು; ಅದು ಯಾವಾಗಲೂ ಕೆಟ್ಟ ಸೂಚನೆಯಲ್ಲ. ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬಾರದು. ತುಂಬಿದ ನೀರು ಇಳಿದಂತೆ ಮೂತ್ರಪಿಂಡಗಳು ಚೇತರಿಸಿಕೊಳ್ಳುವುದೂ ಉಂಟು.

ಮನೆಯವರು ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯಾದ ಮೇಲೆ, ಉಪಾಹಾರಕ್ಕೆ ಮೊದಲು, ರೋಗಿಯ ತೂಕವನ್ನು ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋ ಹೆಚ್ಚಿದರೆ ಅದು ನೀರಿನ ತೂಕವೆಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು. ಉಪ್ಪಿನಕಾಯಿ ಹಪ್ಪಳಗಳನ್ನು ದೂರವಿಡಬೇಕು. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ, ಅದನ್ನೂ ಕೇಳದೆ ಬಳಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಂಡಿನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ಕೊಡಬಾರದು. ಅವುಗಳಲ್ಲಿ ಹಲವು ಈ ಎರಡು ಅಂಗಗಳಿಗೂ ಹಾನಿಕರವಾದುವು.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ತೂಕದ ಪುಸ್ತಕವನ್ನು ಜೊತೆಗೊಯ್ದು, "ಮೂತ್ರಪಿಂಡಗಳು ಹೇಗಿವೆ?" ಎಂದೂ ಕೇಳಬೇಕೆಂದು ನಮ್ಮ ವಾಚಕರಲ್ಲಿ ಬಿನ್ನಹ.